ಕಡಲ ಮೇಲಿನ ಹಗಲುಗಳು

ಬಂದರು ಕಣ್ಮರೆಯಾದೊಡನೆ ಹಡಗಿನ ಪ್ರಯಾಣಿಕನಿಗೆ ಬೇಡವೆಂದರೂ ಬಿಡುವು ಒದಗುತ್ತದೆ. ರೈಲಿನಲ್ಲಿ ಕುಳಿತವನಿಗೆ ಕಿಟಕಿಯಾಚೆ ಊರು, ಹೊಲ, ನಿಲ್ದಾಣಗಳುಂಟು. ವಿಮಾನದಲ್ಲಿ ಒಂದು ನಿದ್ದೆ ಮುಗಿಯುವಷ್ಟರಲ್ಲಿ ಪರದೇಶ ಬಂದಿರುತ್ತದೆ. ನಡುಗಡಲಿನಲ್ಲಾದರೋ ಬೆಳಗ್ಗೆ ಕಂಡದ್ದೂ ನೀರು, ಸಂಜೆ ಕಾಣುವುದೂ ನೀರು. ದಿಗಂತದ ವೃತ್ತದ ನಡುವೆ ಹಡಗು ನಿಂತಲ್ಲೇ ನಿಂತಂತೆ ತೋರುತ್ತದೆ. ಇಂಥ ದಿನಗಳನ್ನು ಮನುಷ್ಯ ಹೇಗೆ ಕಳೆದಾನು?

ಅಲ್ಲಿ ದಿನದ ಅಳತೆಯೇ ಸ್ಥಿರವಲ್ಲವೆಂಬುದನ್ನು ಮೊದಲು ನೆನೆಯಬೇಕು. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುವುದರಿಂದ, 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆಯ ಅಂತರ ಬೀಳುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಏಳು ರಾತ್ರಿಗಳಲ್ಲಿ ಹೋಗುವ ಹಡಗು ದಾರಿಯಲ್ಲಿ ಐದು ಸಲ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಆ ದಿನಗಳಿಗೆಲ್ಲ 25 ಗಂಟೆ. ಮರಳಿ ಬರುವಾಗ ಆ ಸಾಲವನ್ನು ತೀರಿಸಬೇಕು. 1522ರಲ್ಲಿ ಮೆಗೆಲನ್ನನ ತಂಡದಲ್ಲಿ ಬದುಕುಳಿದವರು ಪಶ್ಚಿಮಾಭಿಮುಖವಾಗಿ ಭೂಮಿಯನ್ನು ಬಳಸಿ ಕೇಪ್ ವರ್ಡ್ ದ್ವೀಪಗಳನ್ನು ಮುಟ್ಟಿದಾಗ ಅವರ ದಿನಚರಿಯಲ್ಲಿ ಬುಧವಾರ, ದ್ವೀಪದವರಿಗೆ ಗುರುವಾರ! ಪಿಗಫೆಟ್ಟ ಒಂದು ದಿನವನ್ನೂ ಬಿಡದೆ ಬರೆದಿಟ್ಟಿದ್ದನು. ಲೆಕ್ಕ ತಪ್ಪಿರಲಿಲ್ಲ. ಸೂರ್ಯನ ದಾರಿಯಲ್ಲೇ ಸಾಗಿದವರು ಒಂದು ಸೂರ್ಯೋದಯವನ್ನು ಕಡಮೆ ಕಂಡಿದ್ದರು, ಅಷ್ಟೆ.

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಮುಂಬಯಿಯಿಂದ ಇಂಗ್ಲೆಂಡಿಗೆ ಹಬೆಹಡಗಿನ ಪಯಣ ಎರಡು ಮೂರು ವಾರಗಳಿಗೆ ಇಳಿಯಿತು. ಪ್ರಯಾಣಿಕರು ಹಗ್ಗದ ಬಳೆ ಎಸೆದು ಆಡುವರು, ಇಸ್ಪೀಟು ಹಾಕುವರು, ನಿನ್ನೆಯ ನಡುಹಗಲಿನಿಂದ ಇಂದಿನ ನಡುಹಗಲಿಗೆ ಹಡಗು ಎಷ್ಟು ಮೈಲಿ ಸಾಗಿತೆಂದು ಪಣ ಕಟ್ಟುವರು. ಈ ಬಿಡುವು ಎಲ್ಲರ ಪಾಲಿಗೂ ಇರಲಿಲ್ಲವೆಂಬುದನ್ನು ಮರೆಯಲಾಗದು. ಕೆಳಗೆ ಕುಲುಮೆಗೆ ಕಲ್ಲಿದ್ದಲು ಸುರಿಯುತ್ತಿದ್ದ ಖಲಾಸಿಗಳಲ್ಲಿ ನಮ್ಮ ದೇಶದವರು ಬಹಳ ಮಂದಿ. ಅವರಿಗೆ ದಿನವೆಂದರೆ ಪಾಳಿಯ ಗಂಟೆ, ಬೆವರು.

ಮೇಲೆ ಇದ್ದವರಲ್ಲಿ ಕೆಲವರು ಬಿಡುವನ್ನು ಬೇರೆ ಬಗೆಯಲ್ಲಿ ಬಳಸಿದರು. 1909ರ ನವೆಂಬರಿನಲ್ಲಿ ಗಾಂಧೀಜಿ ಲಂಡನ್ನಿನಿಂದ ಬರಿಗೈಯಲ್ಲಿ ದಕ್ಷಿಣ ಆಫ್ರಿಕಕ್ಕೆ ಮರಳುತ್ತಿದ್ದರು. ‘ಕಿಲ್ಡೋನನ್ ಕ್ಯಾಸಲ್’ ಹಡಗಿನ ಕಾಗದದ ಮೇಲೆ, ಬಲಗೈ ಸೋತಾಗ ಎಡಗೈಯಿಂದ, ಹತ್ತು ದಿನಗಳಲ್ಲಿ ‘ಹಿಂದ್ ಸ್ವರಾಜ್’ ಬರೆದು ಮುಗಿಸಿದರು. 1921ರಲ್ಲಿ ಸಿ. ವಿ. ರಾಮನ್ ‘ನರ್ಕುಂಡಾ’ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಬೆರಗಾದರು. ಅದು ಆಕಾಶದ ಪ್ರತಿಬಿಂಬವೆಂಬ ರೇಲಿಯ ಮಾತು ಆಗ ಬಳಕೆಯಲ್ಲಿತ್ತು. ರಾಮನ್ ನಿಕಲ್ ಪಟ್ಟಕದಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಮಾಸಲಿಲ್ಲ. ಬೆಳಕನ್ನು ಚದರಿಸುತ್ತಿದ್ದುದು ನೀರಿನ ಅಣುಗಳೇ. ಈ ಜಾಡು ಹಿಡಿದ ಸಂಶೋಧನೆ 1928ರಲ್ಲಿ ರಾಮನ್ ಪರಿಣಾಮವಾಯಿತು. 1930ರಲ್ಲಿ ಅವರ ಅಣ್ಣನ ಮಗ ಚಂದ್ರಶೇಖರ್, ಇನ್ನೂ ಹತ್ತೊಂಬತ್ತು ವರ್ಷದ ಹುಡುಗ, ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟಾಗ ಹಡಗಿನಲ್ಲಿ ಶ್ವೇತಕುಬ್ಜ ನಕ್ಷತ್ರಗಳ ದ್ರವ್ಯರಾಶಿಗೆ ಒಂದು ಮಿತಿಯುಂಟೆಂದು ಲೆಕ್ಕ ಹಾಕಿದರು. 1936ರಲ್ಲಿ ಆಕ್ಸ್‌ಫರ್ಡಿಗೆ ಹೋದ ನಮ್ಮ ವಿನಾಯಕ ಕೃಷ್ಣ ಗೋಕಾಕರ ಕಡಲ ಅನುಭವ ‘ಸಮುದ್ರ ಗೀತೆಗಳು’ ಆಗಿ 1940ರಲ್ಲಿ ಕನ್ನಡಕ್ಕೆ ಬಂದಿತು.

ಇವರೆಲ್ಲರೂ ಮಹಾಪ್ರತಿಭಾವಂತರು, ನಿಜ. ಆದರೆ ರಾಮನ್ನರು ನೋಡಿದ ನೀರನ್ನೇ ಅದೇ ಕಟಕಟೆಗೆ ಒರಗಿ ಇತರರೂ ನೋಡುತ್ತಿದ್ದರಲ್ಲವೆ? ಹೊತ್ತು ಹೋಗುತ್ತಿಲ್ಲವೆಂದು ಬೇಸರಿಸುವವನ ಕಣ್ಣಿಗೆ ಕಡಲು ಒಂದೇ ಬಣ್ಣ. ಹೊತ್ತು ಇದೆಯೆಂದು ಹಿಗ್ಗುವವನ ಕಣ್ಣಿಗೆ ಅದರಲ್ಲಿ ಹಲವು ನೀಲಿ. ಹಾರುವ ಮೀನುಗಳು, ಇರುಳಲ್ಲಿ ಹಡಗಿನ ಹಿಂದೆ ಮಿನುಗುವ ನೊರೆ, ದಕ್ಷಿಣಕ್ಕೆ ಸಾಗಿದಂತೆ ಕೆಳಗಿಳಿಯುವ ಧ್ರುವನಕ್ಷತ್ರ, ಇವೆಲ್ಲ ಸಾವಧಾನಕ್ಕೆ ಮಾತ್ರ ದಕ್ಕುವಂಥವು.

ಈಗ ನೂರು ದಿನಗಳಿಗೂ ಮಿಗಿಲಾಗಿ ಲೋಕ ಸುತ್ತುವ ವಿಹಾರನೌಕೆಗಳುಂಟು. ಅಲ್ಲಿ ಮರುದಿನದ ಕಾರ್ಯಕ್ರಮಪಟ್ಟಿ ಹಿಂದಿನ ರಾತ್ರಿಯೇ ಕೋಣೆಗೆ ಬರುತ್ತದೆ: ಉಪನ್ಯಾಸ, ನೃತ್ಯಪಾಠ, ಸಿನಿಮಾ, ಈಜುಕೊಳ. ಉಪಗ್ರಹದ ಮೂಲಕ ಮನೆಯ ಸುದ್ದಿಯೂ ಬೆನ್ನಟ್ಟಿ ಬರುತ್ತದೆ. ಇವುಗಳಲ್ಲಿ ತಪ್ಪೇನೂ ಇಲ್ಲ. ಕೆಲಸವಿಲ್ಲದ ಬಡಗಿಯ ಗಾದೆ ಗೊತ್ತಿರುವ ನಾವು ಅವರನ್ನು ನೋಡಿ ನಗುವಂತಿಲ್ಲ. ಆದರೆ ಹಗಲಿನ ಮೂಲೆಮೂಲೆಯನ್ನೂ ತುಂಬಿದರೆ ಕಡಲಿಗೆ ಜಾಗವೆಲ್ಲಿ?

ಹಡಗನ್ನೇ ಹತ್ತದವರಿಗೂ ನಡುಗಡಲಿನ ದಿನಗಳು ತಪ್ಪಿದ್ದಲ್ಲ. ಕಾಯಿಲೆಯಿಂದ ಚೇತರಿಸಿಕೊಳ್ಳುವವನಿಗೂ ನಿವೃತ್ತನಿಗೂ ಹಿಂದಿನ ದಡ ಮರೆಯಾಗಿದೆ, ಮುಂದಿನದು ಕಾಣುತ್ತಿಲ್ಲ. ಅಂಥ ಹಗಲನ್ನು ಹೇಗಾದರೂ ಕೊಂದು ಮುಗಿಸಬೇಕೆಂದು ಹೊರಡುವ ಮೊದಲು, ಸ್ವಲ್ಪ ಹೊತ್ತು ಕಟಕಟೆಗೆ ಒರಗಿ ನೀರನ್ನು ನೋಡುವುದು ಒಳಿತು.

(ಬಾನುಲಿ ಭಾಷಣ)