ಯಂತ್ರಗಳನ್ನು ಹೆತ್ತ ಜಾಲಹಳ್ಳಿ

ಎಚ್‌ಎಂಟಿ ಎಂದೊಡನೆ ನಮ್ಮ ಕಣ್ಣು ಮಣಿಕಟ್ಟಿನತ್ತ ಹೋಗುತ್ತದೆ. ಮದುವೆ ಗಂಡಿಗೆ ಕೊಡುತ್ತಿದ್ದ ಕಾಂಚನ್, ಮೇಷ್ಟ್ರು ಕಟ್ಟುತ್ತಿದ್ದ ಜನತಾ ಇನ್ನೂ ಎಷ್ಟೋ ಮನೆಗಳ ಬೀರುವಿನಲ್ಲಿವೆ. ಆದರೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮಷಿನ್ ಟೂಲ್ಸ್ ಹುಟ್ಟಿದ್ದು ಗಡಿಯಾರಕ್ಕಾಗಿ ಅಲ್ಲ, ಲೇತ್‌ಗಾಗಿ.

ಸ್ವಾತಂತ್ರ್ಯ ಬಂದಾಗ ದೇಶಕ್ಕೆ ಬೇಕಾದ ಯಂತ್ರೋಪಕರಣಗಳಲ್ಲಿ ಹೆಚ್ಚಿನವು ಹಡಗಿನಲ್ಲಿ ಬರಬೇಕಿತ್ತು. ಪಂಪಾಗಲಿ, ಟ್ರ್ಯಾಕ್ಟರಾಗಲಿ, ಅದರ ಬಿಡಿಭಾಗ ಕಡೆಯಲು ಲೇತ್ ಬೇಕು. ಆ ಲೇತ್ ಮಾಡಲು ಇನ್ನೊಂದು ಯಂತ್ರ ಬೇಕು. ಈ ಪರಾವಲಂಬನೆಯ ಬುಡಕ್ಕೇ ಕೈಹಾಕಲು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನೊಂದಿಗೆ 1953ರಲ್ಲಿ ಎಚ್‌ಎಂಟಿ ಸ್ಥಾಪನೆಯಾಯಿತು. 1955ರಲ್ಲಿ ಪ್ರಧಾನಿ ನೆಹರೂ ಕಾರ್ಖಾನೆಯನ್ನು ಉದ್ಘಾಟಿಸಿದರು. ಎಂ.ಕೆ. ಮತ್ತುಲ್ಲ ಅವರ ಮುಂದಾಳತ್ವದಲ್ಲಿ ಅದು ಲಾಭದ ಹಾದಿ ಹಿಡಿಯಿತು. ಆ ದುಡಿಮೆಯ ಗಳಿಕೆಯಿಂದಲೇ ಪಕ್ಕದಲ್ಲಿ ಎರಡನೇ ಘಟಕ ಎದ್ದು, 1961ರಲ್ಲಿ ದೇಶಕ್ಕೆ ಕಾಣಿಕೆಯಾಯಿತು. ಜಪಾನಿನ ಸಿಟಿಜನ್ ಸಹಯೋಗದ ಗಡಿಯಾರ ಕಾರ್ಖಾನೆ ಶುರುವಾದದ್ದೂ ಅದೇ ವರ್ಷ. ಅಲ್ಲಿ ಚಕ್ರ, ಸ್ಪ್ರಿಂಗುಗಳನ್ನು ಜೋಡಿಸುವ ಸೂಕ್ಷ್ಮ ಕೆಲಸದಲ್ಲಿ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿದ್ದರು.

ಲೇತ್ ಕಟ್ಟುವವರ ಕೈಚಳಕ ಕಾಣಬೇಕಾದರೆ ಸ್ಕ್ರೇಪಿಂಗ್ ನೋಡಬೇಕು. ಯಂತ್ರದ ತಳಭಾಗವಾದ ಬೀಡುಕಬ್ಬಿಣದ ಬೆಡ್ ಎಷ್ಟೇ ನುಣುಪಾಗಿ ಕಂಡರೂ ಅದರಲ್ಲಿ ಕಣ್ಣಿಗೆ ಬೀಳದ ಉಬ್ಬುತಗ್ಗುಗಳಿರುತ್ತವೆ. ಫಿಟ್ಟರ್, ಕರಾರುವಾಕ್ಕಾದ ಒಂದು ಪಟ್ಟಿಗೆ ತೆಳುವಾಗಿ ನೀಲಿ ಬಣ್ಣ ಸವರಿ ಬೆಡ್ ಮೇಲೆ ಆಡಿಸುತ್ತಾನೆ. ಉಬ್ಬಿದ ಕಡೆ ಮಾತ್ರ ನೀಲಿ ಅಂಟುತ್ತದೆ. ಆ ಚುಕ್ಕೆಗಳನ್ನಷ್ಟೇ ಸ್ಕ್ರೇಪರ್‌ನಿಂದ ಹೆರೆದು, ಒರೆಸಿ, ಮತ್ತೆ ನೀಲಿ ಆಡಿಸುತ್ತಾನೆ. ಚುಕ್ಕೆಗಳು ಬೆಡ್ ತುಂಬ ಒಂದೇ ಸಮ ಹರಡುವವರೆಗೂ ಇದೇ ಕೆಲಸ. ಒಂದೊಂದು ಬಾರಿಯೂ ಹೋಗುವುದು ಕೆಲವೇ ಮೈಕ್ರಾನ್ ಲೋಹ. ಹೆರೆದಾಗ ಉಳಿಯುವ ಸಣ್ಣ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ, ಹಾಗಾಗಿ ಬೆಡ್ ಬೇಗ ಸವೆಯುವುದಿಲ್ಲ. ಬೆಡ್ ಸರಿಯಿಲ್ಲದಿದ್ದರೆ ಆ ಲೇತ್‌ನಲ್ಲಿ ಕಡೆದ ಯಾವ ಭಾಗವೂ ಸರಿಬರುವುದಿಲ್ಲ.

ಫ್ಯಾಕ್ಟರಿ ಬಸ್ಸು, ಶಿಫ್ಟು, ಕಾಲೊನಿ, ರಾಜ್ಯೋತ್ಸವ ಇವೆಲ್ಲ ಸೇರಿ ಬೆಂಗಳೂರಿನ ಉತ್ತರ ಭಾಗಕ್ಕೆ ಒಂದು ಹೊಸ ಬದುಕು ಬಂತು. ಸಂಬಳದ ಜೊತೆಗೆ ಸ್ವಾಭಿಮಾನವನ್ನೂ ಗಳಿಸಿದ್ದ ಈ ಕಾರ್ಮಿಕರು ಹಕ್ಕು ಕೇಳಲು ಹಿಂಜರಿದವರಲ್ಲ. 1980–81ರಲ್ಲಿ ನಗರದ ಸಾರ್ವಜನಿಕ ಉದ್ದಿಮೆಗಳ ನೌಕರರು 77 ದಿನ ಮುಷ್ಕರ ಹೂಡಿದಾಗ ಎಚ್‌ಎಂಟಿಯವರೂ ಅದರಲ್ಲಿದ್ದರು.

ಆಮೇಲೆ ಕ್ವಾರ್ಟ್ಜ್ ಗಡಿಯಾರಗಳು ಬಂದವು, ಆಮದು ಮುಕ್ತವಾಯಿತು, ನಷ್ಟ ಬೆಳೆಯಿತು. 2016ರಲ್ಲಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ಪರಂಪರೆ ಕೇಂದ್ರ, ವಸ್ತುಸಂಗ್ರಹಾಲಯ ತೆರೆಯಿತು.

ಎಚ್‌ಎಂಟಿಯ ನಿಜವಾದ ಉತ್ಪಾದನೆ ನುರಿತ ಕೈಗಳು. ಅಲ್ಲಿ ಪಳಗಿದ ಟರ್ನರ್, ಫಿಟ್ಟರ್, ಎಂಜಿನಿಯರುಗಳ ವಿದ್ಯೆ ಕಾರ್ಖಾನೆಯ ಗೇಟು ದಾಟಿ ನಗರದ ವರ್ಕ್‌ಶಾಪುಗಳಿಗೆ ಹೋಯಿತು. ಬೆಂಗಳೂರು ಇಂದಿಗೂ ಮಷಿನ್ ಟೂಲ್ ಉದ್ಯಮದ ದೊಡ್ಡ ಕೇಂದ್ರವಾಗಿರುವುದರಲ್ಲಿ ಅವರ ಪಾಲಿದೆ. ಯಂತ್ರಗಳನ್ನು ವಸ್ತುಸಂಗ್ರಹಾಲಯದಲ್ಲಿ ಇಟ್ಟು ಉಳಿಸಬಹುದು. ಕೈಯ ವಿದ್ಯೆ ಉಳಿಯಬೇಕಾದರೆ ಅದನ್ನು ಬಲ್ಲ ಹಿರಿಯ ಕಾರ್ಮಿಕರ ಮುಂದೆ ಐಟಿಐ ಹುಡುಗ ಹುಡುಗಿಯರು ಕೂರಬೇಕು, ಅವರ ಅನುಭವ ಕನ್ನಡದಲ್ಲಿ ದಾಖಲಾಗಬೇಕು. ಅವರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಲಿ.