ಸೀಲಿಯ ವ್ಯಾಕರಣ

1980ರ ದಶಕದ ನಡುಭಾಗ. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಕವಿ ಜೂನ್ ಜೋರ್ಡನ್, ಆಲಿಸ್ ವಾಕರ್ ಅವರ 'ದಿ ಕಲರ್ ಪರ್ಪಲ್' ಕಾದಂಬರಿಯನ್ನು ತರಗತಿಗೆ ಕೊಟ್ಟರು. 1982ರಲ್ಲಿ ಹೊರಬಂದ ಈ ಕೃತಿಗೆ ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರೇ. ಆದರೂ ಕಥೆ ಹೇಳುವ ಸೀಲಿಯ ಇಂಗ್ಲಿಷ್ ತಪ್ಪುತಪ್ಪು ಎಂದು ಮೂಗು ಮುರಿದರು. ಅದು ಅವರ ಮನೆಯ ಮಾತೇ ಆಗಿತ್ತು!

ಜೋರ್ಡನ್ ಉಪದೇಶಕ್ಕೆ ಇಳಿಯಲಿಲ್ಲ. ಮೊದಲ ಸಾಲುಗಳನ್ನು ಪಠ್ಯಪುಸ್ತಕದ ಇಂಗ್ಲಿಷಿಗೆ ತಿರುಗಿಸಿ ಎಂದರು. ತಿರುಗಿಸಿದ್ದನ್ನು ಓದಿ ಎಲ್ಲರಿಗೂ ನಗು. ಸೀಲಿಯಂಥ ಹುಡುಗಿ ಹಾಗೆ ಮಾತಾಡಲು ಸಾಧ್ಯವೇ ಇರಲಿಲ್ಲ.

ತಂದೆಯೆಂದು ನಂಬಿದವನಿಂದಲೇ ಅತ್ಯಾಚಾರಕ್ಕೊಳಗಾದ ಹದಿನಾಲ್ಕರ ಸೀಲಿ ದೇವರಿಗೆ ಕಾಗದ ಬರೆಯುತ್ತಾಳೆ. ತಾನು ಒಳ್ಳೆಯವಳು ಎನ್ನಹೊರಟು, ವರ್ತಮಾನದ ಕ್ರಿಯಾಪದವನ್ನು ಹೊಡೆದುಹಾಕಿ, ಇದುವರೆಗೂ ಒಳ್ಳೆಯವಳಾಗಿಯೇ ಇದ್ದೆ ಎಂಬರ್ಥಕ್ಕೆ ತಿದ್ದುತ್ತಾಳೆ. ಅವಳಿಂದ ಏನು ಕಸಿದುಕೊಳ್ಳಲಾಗಿದೆ ಎಂಬುದಕ್ಕೆ ಆ ಒಂದು ಗೀಟು ಸಾಕು. ಕ್ರಿಯಾಪದದ ಕಾಲಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಕಂಡಿಲ್ಲ. ಗಂಡನ ಹೆಸರಿನ ಜಾಗದಲ್ಲಿ ಅವಳು ಬರೆಯುವುದು 'ಮಿಸ್ಟರ್' ಮತ್ತು ಒಂದು ಖಾಲಿ ಗೆರೆ. ಮಿಷನರಿಗಳ ಜೊತೆ ಆಫ್ರಿಕಾಕ್ಕೆ ಹೋದ ತಂಗಿ ನೆಟ್ಟಿಯ ಕಾಗದಗಳಲ್ಲಿರುವುದು ಶಾಲೆಯ ಇಂಗ್ಲಿಷ್. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರೆ, ನೆಟ್ಟಿಯದು ಕೊಂಚ ಸಪ್ಪೆ ಎನ್ನದೆ ವಿಧಿಯಿಲ್ಲ. ಮುಂದೆ ಪ್ಯಾಂಟು ಹೊಲಿದು ಸ್ವಂತ ಸಂಪಾದನೆ ಕಂಡುಕೊಂಡ ಸೀಲಿಯ ಮಾತು ತಿದ್ದಲು ಜೊತೆಗಾತಿ ಡಾರ್ಲಿನ್ ಪುಸ್ತಕ ತರುತ್ತಾಳೆ. ನಮ್ಮ ಮನಸ್ಸಿಗೇ ವಿಚಿತ್ರವೆನಿಸುವಂತೆ ಮಾತಾಡಿ ಎನ್ನುವವರು ಮೂರ್ಖರೇ ಎನ್ನುವುದು ಸೀಲಿಯ ನಿಲುವು.

ಸೀಲಿಯ ಈ ಭಾಷೆಯನ್ನೇ, ಅಂದರೆ ಕಪ್ಪು ಜನರ ಇಂಗ್ಲಿಷನ್ನೇ, ಕಲಿಸಿ ಎಂದು ವಿದ್ಯಾರ್ಥಿಗಳು ಜೋರ್ಡನ್ ಅವರನ್ನು ಕೇಳಿದಾಗ ಹೊಸ ಕೋರ್ಸ್ ಹುಟ್ಟಿತು. ಕೂತು ಒಂದೊಂದೇ ನಿಯಮ ಬರೆದರು. ಕಪ್ಪು ಇಂಗ್ಲಿಷಿನ ಬದಲಾಗದ 'ಬೀ' ರೂಢಿಯನ್ನು ಸೂಚಿಸುತ್ತದೆ. ನಮ್ಮ 'ಮಾಡುತ್ತಿದ್ದಾನೆ', 'ಮಾಡುತ್ತಿರುತ್ತಾನೆ' ನಡುವಿನ ವ್ಯತ್ಯಾಸ ಬಲ್ಲವರಿಗೆ ಇದು ಸುಲಭ. ಇನ್ನೊಂದು ನಿಯಮ ಇನ್ನೂ ಹರಿತ: ಕರ್ಮಣಿ ಪ್ರಯೋಗ ಕೂಡದು, ಮಾಡಿದವರು ಯಾರೆಂದು ವಾಕ್ಯ ಹೇಳಲೇಬೇಕು. 'ಗುಂಡು ಹಾರಿಸಲಾಯಿತು' ಎಂದು ಬರೆಯುವ ನಮ್ಮ ಪತ್ರಿಕಾ ಕನ್ನಡಕ್ಕೂ ಈ ಪಾಠ ಬೇಕಿದೆ.

ಅದೇ ಹೊತ್ತಿಗೆ ವಿದ್ಯಾರ್ಥಿಯೊಬ್ಬನ ಸಹೋದರನನ್ನು ಬ್ರೂಕ್ಲಿನ್ ಪೊಲೀಸರು ಗುಂಡಿಟ್ಟು ಕೊಂದರು. ತರಗತಿ ಪ್ರತಿಭಟಿಸಿ ಬರೆಯಲು ಹೊರಟಿತು. ಯಾವ ಇಂಗ್ಲಿಷಿನಲ್ಲಿ? ಶಾಲೆಯದರಲ್ಲಿ ಬರೆದರೆ ಅಚ್ಚಾದೀತು. ಸತ್ತವನ ಮಾತಿನಲ್ಲಿ ಬರೆದರೆ ಕಸದ ಬುಟ್ಟಿ ಸೇರುವುದು ಬಹುತೇಕ ಖಚಿತ. ಗೊತ್ತಿದ್ದೂ ಕಪ್ಪು ಇಂಗ್ಲಿಷನ್ನೇ ಆರಿಸಿಕೊಂಡರು. 'ನ್ಯೂಸ್‌ಡೇ' ಪತ್ರಿಕೆ ಅದನ್ನು ಪ್ರಕಟಿಸಲಿಲ್ಲ. ಜೋರ್ಡನ್ 1985ರ 'ಆನ್ ಕಾಲ್' ಸಂಕಲನದ ಪ್ರಬಂಧವೊಂದರಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಭಾಷೆ ಕಲಿಸುವವರು ಕಾದಂಬರಿಯ ಜೊತೆಗೆ ಆ ಪ್ರಬಂಧವನ್ನೂ ಓದಬೇಕು.