ಶಿಯರ್ ಕನೆಕ್ಟರ್

ಶಿಯರ್ ಕನೆಕ್ಟರ್ ಎಂಬುದು ಸಂಯುಕ್ತ ರಚನೆಗಳಲ್ಲಿ ಉಕ್ಕಿನ ತೊಲೆ ಮತ್ತು ಅದರ ಮೇಲಿನ ಕಾಂಕ್ರೀಟ್ ಚಪ್ಪಡಿ ಒಂದೇ ಅಂಗವಾಗಿ ವರ್ತಿಸುವಂತೆ ಮಾಡುವ ಜೋಡಣೆ. ಸೇತುವೆಗಳಲ್ಲೂ ಬಹುಮಹಡಿ ಕಟ್ಟಡಗಳಲ್ಲೂ ಇದನ್ನು ಬಳಸುತ್ತಾರೆ.

ಕಾರ್ಯವಿಧಾನ

ಜೋಡಣೆಯಿಲ್ಲದಿದ್ದರೆ ಭಾರ ಬಿದ್ದಾಗ ಚಪ್ಪಡಿಯು ಉಕ್ಕಿನ ಮೇಲೆ ಜಾರಿ, ಎರಡೂ ಪ್ರತ್ಯೇಕವಾಗಿ ಬಾಗುತ್ತವೆ. ಒಂದೇ ವಸ್ತುವಿನ, ಒಂದೇ ಅಳತೆಯ ಎರಡು ಆಯತಾಕಾರದ ತೊಲೆಗಳನ್ನು ಸುಮ್ಮನೆ ಪೇರಿಸುವ ಬದಲು ಜಾರದಂತೆ ಬೆಸೆದರೆ ಬಿಗುವು 4 ಪಟ್ಟು, ಬಾಗುಬಲ 2 ಪಟ್ಟು ಹೆಚ್ಚುತ್ತದೆ. ಸಂಯುಕ್ತ ತೊಲೆಯ ತತ್ತ್ವವೂ ಇದೇ: ಸರಳ ಆಧಾರದ ತೊಲೆಯಲ್ಲಿ ಮೇಲಿನ ಕಾಂಕ್ರೀಟ್ ಸಂಕೋಚನವನ್ನೂ ಕೆಳಗಿನ ಉಕ್ಕು ಕರ್ಷಣವನ್ನೂ ತಾಳುತ್ತದೆ.

ವಿಧಗಳು

ತಲೆಯುಳ್ಳ ಸ್ಟಡ್ ಹೆಚ್ಚು ಬಳಕೆಯಲ್ಲಿದೆ. 19 ಹಾಗೂ 22 ಮಿ.ಮೀ. ವ್ಯಾಸದವು ಸಾಮಾನ್ಯ. ಇದರ ಕಾಂಡ ಜಾರುವಿಕೆಯನ್ನೂ ತಲೆ ಚಪ್ಪಡಿ ಮೇಲೇಳುವುದನ್ನೂ ತಡೆಯುತ್ತದೆ. ಚಾನೆಲ್ ತುಂಡುಗಳನ್ನು ಬೆಸೆಯುವುದೂ ಉಂಟು.

ವಿನ್ಯಾಸ

ಸ್ಟಡ್ ತುಂಡಾಗುವ ಬಲ ಮತ್ತು ಸುತ್ತಲಿನ ಕಾಂಕ್ರೀಟ್ ಜಜ್ಜಿಹೋಗುವ ಬಲ, ಇವೆರಡರಲ್ಲಿ ಕಡಿಮೆಯಾದುದೇ ಜೋಡಣೆಯ ಸಾಮರ್ಥ್ಯ. ಇದನ್ನು ಪುಷ್-ಔಟ್ ಪರೀಕ್ಷೆಯಿಂದ ಅಳೆಯುತ್ತಾರೆ. ಭಾರತದಲ್ಲಿ 1985ರ ಐಎಸ್ 11384 ಸಂಹಿತೆ 2022ರಲ್ಲಿ ಪರಿಷ್ಕೃತಗೊಂಡಿತು. ರಸ್ತೆ ಸೇತುವೆಗಳಿಗೆ ಐಆರ್‌ಸಿ 22 ಅನ್ವಯಿಸುತ್ತದೆ.

ಕರಾವಳಿಯಲ್ಲಿ

ಉಡುಪಿ–ಮಣಿಪಾಲ ರಸ್ತೆ ಇಂದ್ರಾಳಿಯಲ್ಲಿ ಕೊಂಕಣ ರೈಲು ಮಾರ್ಗವನ್ನು ದಾಟುತ್ತದೆ. ಇಂತಹ ಕಡೆ ಹಳಿಗಳ ಮೇಲೆ ಆಸರೆ ಕಂಬ ನಿಲ್ಲಿಸದೆಯೇ ಕೂರಿಸಬಹುದಾದ ಉಕ್ಕಿನ ಗರ್ಡರ್ ಅನುಕೂಲಕರ. ಆದರೆ ಕಾಪುವಿನಂತಹ ಕಡಲತೀರದಲ್ಲಿ ಉಪ್ಪುಗಾಳಿ ಮತ್ತು ದೀರ್ಘ ಮಳೆಗಾಲ ಉಕ್ಕಿಗೆ ಅಪಾಯಕಾರಿ. ಚಪ್ಪಡಿಯ ಬಿರುಕುಗಳಿಂದ ಲವಣಯುಕ್ತ ನೀರು ಇಳಿದರೆ ಸ್ಟಡ್‌ನ ಬುಡ ತುಕ್ಕು ಹಿಡಿಯುತ್ತದೆ. ಅದು ಕಾಂಕ್ರೀಟಿನೊಳಗೆ ಹುದುಗಿರುವುದರಿಂದ ಹಾನಿ ಹೊರಗೆ ಕಾಣುವುದಿಲ್ಲ. ಆದ್ದರಿಂದ ಜಲನಿರೋಧಕ ಪದರ, ಸಮರ್ಪಕ ನೀರಿನ ಹರಿವು ಹಾಗೂ ಗರ್ಡರ್ ಅಂಚುಗಳ ರಕ್ಷಣಾ ಲೇಪ ಅಗತ್ಯ.